ಅಕ್ಕನ ಜೊತೆ ಮೈಸೂರು ನೋಡಿದ್ದು

ನಮ್ಮ ಬೀದಿಯ ತಿರುವಿನಲ್ಲಿ ಒಂದು ಇಸ್ತ್ರಿ ಗಾಡಿ ನಿಲ್ಲುತ್ತದೆ. ಮೈಸೂರೆಲ್ಲ ಕರೆಂಟಿನ ಪೆಟ್ಟಿಗೆಗೆ ಬದಲಾದರೂ ಆ ಮನುಷ್ಯ ಇನ್ನೂ ಇದ್ದಿಲಿನ ಪೆಟ್ಟಿಗೆಯನ್ನೇ ಹಿಡಿದುಕೊಂಡಿದ್ದಾನೆ. ಹೋದ ವಾರ ಹಾಲು ತರಲು ಹೊರಟವಳು ಆ ಗಾಡಿಯ ಮುಂದೆ ನಿಂತುಬಿಟ್ಟೆ. ಯಾರೋ ಬಿಳಿಯ ನೂಲಿನ ಸೀರೆಗೆ ಗಂಜಿ ಹಾಕಿ ತಂದುಕೊಟ್ಟಿದ್ದರು. ಅವನು ಅದರ ಮೇಲೆ ನೀರು ಚಿಮುಕಿಸಿ ಪೆಟ್ಟಿಗೆ ಎಳೆದ. ಅಕ್ಕಿಗಂಜಿ ಕೆಂಡದ ಬಿಸಿಗೆ ಬೇಯುವ, ಅರ್ಧ ಅನ್ನದಂತೆಯೂ ಅರ್ಧ ಸೀದ ಬಟ್ಟೆಯಂತೆಯೂ ಬರುವ ಆ ವಾಸನೆ… "ಏನಾದ್ರೂ ಬೇಕಿತ್ತಾ ಟೀಚರ್?" ಎಂದ. ಏನೂ ಬೇಡವೆಂದು ತಲೆಯಾಡಿಸಿ ಹಾಲು ತರುವುದನ್ನೂ ಮರೆತು ಮನೆಗೆ ಬಂದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ. ಅಕ್ಕ ಹಿತ್ತಾಳೆಯ ಚೊಂಬಿಗೆ ಕೆಂಡ ತುಂಬಿ, ಅದರ ಕತ್ತನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಚಾಪೆಯ ಮೇಲೆ ಹರಡಿದ ಸೀರೆಯ ಮೇಲೆ ಉಜ್ಜುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಒಳ್ಳೆಯ ಸೀರೆ, ನೀಲಿ ಅಂಚಿನ ಬಿಳಿಯದು. ಆ ಗುರುವಾರ ಮಧ್ಯಾಹ್ನ ಅದಕ್ಕೆ ಗಂಜಿ ಹಾಕಿದ್ದು, ಒಣಗಿಸಿದ್ದು, ಉಜ್ಜಿದ್ದು ಎಲ್ಲವನ್ನೂ ನಾನು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ. ಮಾರನೆಯ ದಿನ ನಾವಿಬ್ಬರೂ ಮೈಸೂರಿಗೆ ಹೋಗುವವರಿದ್ದೆವು. ಶನಿವಾರ, ಭಾನುವಾರ ಎರಡು ದಿನ. ಅಕ್ಕಪಕ್ಕದವರಿಗೆಲ್ಲ ಊರು ನೋಡಲು ಹೋಗುತ್ತಿದ್ದೇವೆಂದು ಹೇಳಿಯಾಗಿತ್ತು. ನಿಜವಾದ ಕಾರಣ ಮನೆಯ ನಾಲ್ಕು ಜನರಿಗೂ ಮೈಸೂರಿನಲ್ಲಿದ್ದ ಚಿಕ್ಕಪ್ಪನಿಗೂ ಮಾತ್ರ ಗೊತ್ತಿತ್ತು.

ಆಗ ಕೊಡಗು ಬೇರೆಯೇ ರಾಜ್ಯ. ನಾವಿದ್ದದ್ದು ಈಗ ಕುಶಾಲನಗರ ಎನ್ನುವ, ಆಗ ಫ್ರೇಜರ್‌ಪೇಟೆ ಎನ್ನುತ್ತಿದ್ದ ಊರಿನ ಹತ್ತಿರ, ಕಾವೇರಿ ಹೊಳೆಗೆ ತಾಗಿದ ಹಳ್ಳಿಯಲ್ಲಿ. ಹೊಳೆಯ ಈಚೆ ಕೊಡಗು, ಸೇತುವೆ ದಾಟಿದರೆ ಮೈಸೂರು ರಾಜ್ಯ. ನಮ್ಮ ತಾತ ಅರಕಲಗೂಡಿನ ಕಡೆಯ ಒಂದು ಹಳ್ಳಿಯಿಂದ ಎರಡು ಎತ್ತು ಹೊಡೆದುಕೊಂಡು ಹೊಳೆ ದಾಟಿ ಬಂದವನು. ಕಾಡು ಕಡಿದು, ಚಳಿಜ್ವರದಲ್ಲಿ ನರಳಿ, ಗದ್ದೆ ಮಾಡಿದ. ಅಪ್ಪ ಹುಟ್ಟಿದ್ದು ಅಲ್ಲೇ, ನಾವು ಹುಟ್ಟಿದ್ದೂ ಅಲ್ಲೇ. ಆದರೂ ಸಂತೆಗೆ ಹೋದರೆ, ಕಚೇರಿಗೆ ಹೋದರೆ, ನಾವು "ಬಯಲುಸೀಮೆಯಿಂದ ಬಂದೋರು". ಅಪ್ಪನಿಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನಮಗೆ ಅ ಆ ಇ ಈ ಕಲಿಸುವ ಮೊದಲೇ ಅವನು ಕಲಿಸಿದ ಪಾಠ ಒಂದೇ.

"ಯಾರ್ ಕೇಳಿದ್ರೂ ಕೊಡಗ್ನೋರು ಅನ್ನಿ. ತಲೆ ಎತ್ತಿ ಅನ್ನಿ."

ನಾವು ಹಾಗೆಯೇ ಅನ್ನುತ್ತಿದ್ದೆವು. ದಾರಿಹೋಕರು ಕೇಳಿದರೂ ಅನ್ನುತ್ತಿದ್ದೆವು, ಕೇಳದಿದ್ದರೂ ಅನ್ನುತ್ತಿದ್ದೆವು. ನಮ್ಮಂತೆ ಹೊಳೆ ದಾಟಿ ಬಂದ ಎಲ್ಲ ಮನೆಗಳ ಮಕ್ಕಳಿಗೂ ಅದೇ ಅಭ್ಯಾಸ. ತಮಾಷೆಯೆಂದರೆ ಹಬ್ಬಕ್ಕೆ ಅರಕಲಗೂಡಿನ ಕಡೆಗೆ ಹೋದರೆ ಅಲ್ಲಿಯ ನೆಂಟರು "ಕೊಡಗ್ನೋರು ಬಂದ್ರು" ಎಂದು ನಗುತ್ತಿದ್ದರು. ಅಲ್ಲಿಯೂ ಸಲ್ಲದ, ಇಲ್ಲಿಯೂ ಸಲ್ಲದ ಜನ ನಾವು.

ಅಕ್ಕ ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ನಮ್ಮ ಹಳ್ಳಿಯಲ್ಲಿ ಅಷ್ಟು ಓದಿದ ಹೆಣ್ಣು ಅವಳೊಬ್ಬಳೇ. ಟೀಚರ್ ಆಗಬೇಕು ಎನ್ನುವುದನ್ನು ಬಿಟ್ಟು ಅವಳಿಗೆ ಬೇರೆ ಆಸೆಯೇ ಇರಲಿಲ್ಲ. ಕರುಗಳಿಗೂ ಪಾಠ ಹೇಳುತ್ತಾಳೆಂದು ಅಪ್ಪ ಗೇಲಿ ಮಾಡುತ್ತಿದ್ದ. ಆದರೆ ಅವಳು ಪಾಸಾದ ವರ್ಷವೇ ಅವ್ವ ಮಲಗಿದಳು. ತಿಂಗಳು ಬಿಟ್ಟು ತಿಂಗಳು ಚಳಿಜ್ವರ, ಹೊಟ್ಟೆಯಲ್ಲಿ ಗಡ್ಡೆ, ಮೈಯಲ್ಲಿ ರಕ್ತವಿಲ್ಲ. ಅಡಿಗೆ, ಕೊಟ್ಟಿಗೆ, ಆಳುಗಳ ಊಟ, ಅವ್ವನ ಕಷಾಯ ಎಲ್ಲವೂ ಅಕ್ಕನ ತಲೆಗೆ ಬಿತ್ತು. ನಾನು ಮಾತ್ರ ಚೀಲ ನೇತುಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಹೀಗೆ ನಾಲ್ಕು ವರ್ಷ.

ನಮ್ಮ ಕಡೆಯಿಂದ ಟ್ರೈನಿಂಗಿಗೆ ಹೋಗುವವರು ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕಿತ್ತು. ಅಲ್ಲಿ ನಮ್ಮವರು ಎನ್ನುವ ಒಂದು ನರಪಿಳ್ಳೆಯೂ ಇರಲಿಲ್ಲ, ಅಪ್ಪ ಕಳಿಸುವ ಮಾತೇ ಇರಲಿಲ್ಲ. ಮೈಸೂರಿನಲ್ಲಾದರೆ ಹೆಣ್ಣುಮಕ್ಕಳಿಗೆ ಒಂದು ಟ್ರೈನಿಂಗ್ ಶಾಲೆ, ಪಕ್ಕದಲ್ಲೇ ಹಾಸ್ಟೆಲ್ಲು. ಚಿಕ್ಕಪ್ಪನೂ ಅಲ್ಲೇ ಒಂದು ವಠಾರದಲ್ಲಿದ್ದ. ಆದರೆ ಅಲ್ಲಿಯ ಸೀಟು ಮೈಸೂರು ರಾಜ್ಯದವರಿಗೆ ಮಾತ್ರ. ಚಿಕ್ಕಪ್ಪನೇ ದಾರಿ ಹುಡುಕಿದ. ತಾತನ ಹಳ್ಳಿಯ ಶಾನುಭೋಗರನ್ನು ಹಿಡಿದು, ಈ ಹುಡುಗಿಯ ಮನೆ ಇಲ್ಲೇ ಇದೆ, ಓದಿಗಾಗಿ ಮಾತ್ರ ಕೊಡಗಿನ ನೆಂಟರ ಮನೆಯಲ್ಲಿದ್ದಳು ಎಂದು ಬರೆಸಿ ತಂದ. ಅಪ್ಪ ಆ ಕಾಗದವನ್ನು ಮುಟ್ಟಲೇ ಇಲ್ಲ. ಜನ್ಮವಿಡೀ ಯಾವ ಮಾತನ್ನು ಅಲ್ಲಗಳೆದಿದ್ದನೋ ಅದಕ್ಕೇ ಈಗ ಹ್ಞೂಗುಟ್ಟಬೇಕಿತ್ತು. ಕೊನೆಗೆ, ವಯಸ್ಸಿನ ಮಿತಿಗೆ ಅಕ್ಕನಿಗೆ ಅದೇ ಕೊನೆಯ ವರ್ಷ ಎಂದು ಅವ್ವ ಮಲಗಿದಲ್ಲಿಂದಲೇ ಅತ್ತಾಗ, "ಏನಾದ್ರೂ ಮಾಡ್ಕೊಳ್ಳಿ" ಎಂದು ಗದ್ದೆಗೆ ಹೋದ.

ಇನ್ನು ಒಂದು ಮಾತನ್ನು ನಾನು ಇಲ್ಲಿಯೇ ಹೇಳಿಬಿಡಬೇಕು. ಅಕ್ಕ ಹೋದರೆ ಮನೆಯಲ್ಲಿ ಯಾರು? ನಾನೇ. ನನಗೆ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಬಾಕಿಯಿತ್ತು. "ಎರಡೇ ವರ್ಷ ಮನೆ ನೋಡ್ಕೋ ಕಣೆ, ಕೆಲಸ ಸಿಕ್ಕಿದ್ ತಕ್ಷಣ ನಿನ್ನ ನಾನೇ ಓದಿಸ್ತೀನಿ" ಎಂದು ಅಕ್ಕ ಹೇಳಿದ್ದಳು. ಅವಳು ಹೇಳಿದರೆ ಮಾಡುವವಳೇ. ಆದರೆ ಶಾಲೆ ಬಿಟ್ಟ ಹೆಣ್ಣನ್ನು ಎರಡು ವರ್ಷ ಮನೆಯಲ್ಲಿ ಇಟ್ಟುಕೊಂಡವರನ್ನು ನಾನು ನಮ್ಮ ಊರಲ್ಲಿ ನೋಡಿರಲಿಲ್ಲ. ನನ್ನ ಜೊತೆಯ ಇಬ್ಬರಿಗೆ ಆಗಲೇ ಮದುವೆಯಾಗಿತ್ತು. ನಾನು ತಲೆಯಾಡಿಸಿದ್ದೆ ನಿಜ. ಒಳಗೊಳಗೇ ಹೆದರಿಹೋಗಿದ್ದೆ.

ಶುಕ್ರವಾರ ಮಧ್ಯಾಹ್ನ ಬಸ್ಸು ಹತ್ತಿದೆವು. ಅಪ್ಪ ಸೇತುವೆಯವರೆಗೆ ಬಂದು, ಬಸ್ಸಿನ ಕಿಟಕಿಗೆ ಕೈಯಿಟ್ಟು, "ಅಲ್ಲಿ ಮೃಗಾಲಯ ಅಂತ ಐತಂತೆ. ನಮ್ ಗದ್ದೆಗ್ ಬರೋ ಆನೇನ ಟಿಕೆಟ್ ತಗೊಂಡು ನೋಡ್ಬೇಡಿ" ಎಂದ. ಅಕ್ಕ ನಕ್ಕಳು. ಆ ದಿನ ಅವಳು ಎಲ್ಲದಕ್ಕೂ ನಗುತ್ತಿದ್ದಳು. ಗಂಜಿ ಸೀರೆಯನ್ನು ಮುದುಡದಂತೆ ಹಳೆಯ ಪಂಚೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಪಿರಿಯಾಪಟ್ಟಣ ದಾಟುವವರೆಗೂ ನನಗೆ ಪಾಠ ಹೇಳಿದಳು. ಯಾರು ಕೇಳಿದರೂ ಅರಕಲಗೂಡಿನ ಕಡೆಯವರು ಎನ್ನಬೇಕು, ಕೊಡಗು ಎನ್ನುವ ಮಾತೇ ಬಾಯಿಗೆ ಬರಬಾರದು. ನಾನು ಗಿಣಿಯಂತೆ ಒಪ್ಪಿಸಿದೆ. ಹುಣಸೂರಿನಲ್ಲಿ ಬಸ್ಸು ನಿಂತಾಗ ಅವಳು ನನ್ನ ಕೈ ಹಿಡಿದು ಇನ್ನೊಂದು ಮಾತು ಹೇಳಿದಳು.

"ನಿನ್ನ ಪುಸ್ತಕ ಎಲ್ಲ ಕಟ್ಟಿ ಅಟ್ಟದ ಮೇಲೆ ಇಟ್ಟಿದೀನಿ ಕಣೆ. ಗೆದ್ದಲು ಹಿಡೀದಂಗೆ ಬೇವಿನಸೊಪ್ಪು ಹಾಕಿದೀನಿ. ಹೆದ್ರಬೇಡ."

ನನಗೆ ಒಳ್ಳೆಯದಾಗಲಿ ಎಂದೇ ಹಾಗೆ ಮಾಡಿದ್ದಳು. ಎಂಬತ್ತು ದಾಟಿದ ಈ ವಯಸ್ಸಿನಲ್ಲಿ ಅದು ನನಗೆ ಅರ್ಥವಾಗುತ್ತದೆ. ಆ ದಿನ ಮಾತ್ರ ನನಗೆ ಕಂಡದ್ದು ಅಟ್ಟದ ಕತ್ತಲೆಯಲ್ಲಿ ಕಟ್ಟಿಟ್ಟ ನನ್ನ ಪುಸ್ತಕಗಳು. ಸೀಟು ಸಿಗುವ ಮೊದಲೇ, ನನ್ನನ್ನು ಒಂದು ಮಾತೂ ಕೇಳದೆ… ಮೈಸೂರು ತಲುಪುವವರೆಗೆ ನಾನು ಕಿಟಕಿಯ ಕಡೆ ಮುಖ ತಿರುಗಿಸಿಯೇ ಕೂತಿದ್ದೆ. ಬಸ್ಸಿನ ಕುಲುಕಾಟಕ್ಕೆ ನನಗೆ ತಲೆ ಸುತ್ತುತ್ತಿದೆ ಎಂದುಕೊಂಡು ಅವಳು ಒಂದು ನಿಂಬೆಹಣ್ಣು ಕೊಟ್ಟಳು.

ಶನಿವಾರ ಬೆಳಿಗ್ಗೆ ಚಿಕ್ಕಪ್ಪ ನಮ್ಮನ್ನು ಜಟಕಾದಲ್ಲಿ ಕರೆದುಕೊಂಡು ಹೋದ. ಅಕ್ಕ ಕೂತರೆ ಸೀರೆ ಮುದುಡುತ್ತದೆಂದು ಗಾಡಿಯೊಳಗೆ ಅರ್ಧ ನಿಂತೇ ಬಂದಳು. ಶಾಲೆಯ ಹೊರಜಗುಲಿಯಲ್ಲಿ ಹತ್ತಿಪ್ಪತ್ತು ಹೆಣ್ಣುಮಕ್ಕಳು, ಅವರ ಅಪ್ಪಂದಿರು, ಅಣ್ಣಂದಿರು. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಅಕ್ಕನ ಸರದಿ ಬಂತು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಜವಾನ ಬಂದು ನನ್ನನ್ನೂ ಕರೆದ.

ಒಳಗೆ ದೊಡ್ಡ ಮೇಜಿನ ಹಿಂದೆ ಕನ್ನಡಕದ ಒಬ್ಬ ಮೇಡಂ. ವಯಸ್ಸಾದವರು, ಮುಖದಲ್ಲಿ ಸಿಡುಕಿಲ್ಲ. ಓದಿಸಿ, ಬರೆಸಿ, ಲೆಕ್ಕ ಮಾಡಿಸಿ ಆಗಿತ್ತಂತೆ. ಈಗ ಒಂದು ಪಾಠ ಮಾಡಿ ತೋರಿಸಬೇಕು, ಎದುರಿಗೆ ಒಂದು ಮಗು ಬೇಕು.

"ತಂಗಿ ಹೊರಗಿದಾಳೆ ಅಂದೆಯಲ್ಲ, ಅವಳೇ ಸಾಕು. ಮೂರನೇ ಕ್ಲಾಸಿನ ಹುಡುಗಿ ಅಂದ್ಕೊ. ದಿಕ್ಕುಗಳ ಪಾಠ ಮಾಡು."

 ಅಕ್ಕ ನನ್ನನ್ನು ಕೈ ಹಿಡಿದು ಕರೆದೊಯ್ದು ಕಿಟಕಿಯ ಹತ್ತಿರ ನಿಲ್ಲಿಸಿದಳು. ಬಿಸಿಲು ಎಲ್ಲಿಂದ ಬರುತ್ತಿದೆ ಎಂದು ಕೇಳಿದಳು. ಕಣ್ಣು ಮುಚ್ಚಿಸಿ ಯಾವ ಕೆನ್ನೆ ಬೆಚ್ಚಗಿದೆ ಎಂದು ಕೇಳಿದಳು. ಬೆಚ್ಚಗಿನ ಕೆನ್ನೆಯ ಕಡೆಗೆ ತಿರುಗಿಸಿ ಎರಡೂ ಕೈ ಚಾಚಿಸಿದಳು. ಬಲಗೈ ಯಾವ ದಿಕ್ಕು, ಎಡಗೈ ಯಾವ ದಿಕ್ಕು, ಬೆನ್ನು ಯಾವ ದಿಕ್ಕು… ನನಗೆ ಗೊತ್ತಿದ್ದ ವಿಷಯವೇ. ಆದರೂ ನಾನು ಹೊಸದಾಗಿ ಕಲಿತೆ. ಮುಂದೆ ಮೂವತ್ತಾರು ವರ್ಷ ನಾನೇ ಪಾಠ ಮಾಡಿದ್ದೇನೆ, ನೂರಾರು ಟೀಚರುಗಳ ಪಾಠ ನೋಡಿದ್ದೇನೆ. ಅಷ್ಟು ಚೆನ್ನಾದ ಪಾಠವನ್ನು ಮತ್ತೆ ನೋಡಲಿಲ್ಲ. ಇದು ಹೊಗಳಿಕೆಯ ಮಾತಲ್ಲ, ನನ್ನ ಕಸುಬಿನ ಮಾತು.

ಮೇಡಂ ಕನ್ನಡಕ ತೆಗೆದು ನಗುತ್ತ ಕೂತಿದ್ದರು. ಅಕ್ಕನ ಅರ್ಜಿಯ ಮೇಲೆ ಏನೋ ಬರೆಯಲು ಪೆನ್ನು ಎತ್ತಿಕೊಂಡರು. ಸೀಟು ಸಿಕ್ಕಿತು ಎಂದು ನನಗೆ ಗೊತ್ತಾಯಿತು. ಅಕ್ಕನಿಗೂ ಗೊತ್ತಾಯಿತು. ಅವಳ ಮುಖ ನೋಡಿದೆ. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಆಗ ಮೇಡಂ, ಪಾಠ ಕಲಿತ ಮಗುವನ್ನು ಪರೀಕ್ಷೆ ಮಾಡುವವರಂತೆ, ನನ್ನನ್ನು ಕೇಳಿದರು.

"ಹಾಗಾದ್ರೆ ಹೇಳು ಮಗು, ನಿಮ್ಮನೆ ಇಲ್ಲಿಂದ ಯಾವ ದಿಕ್ಕಿಗಿದೆ?"

ನಾನು ಇನ್ನೂ ಕಿಟಕಿಯ ಹತ್ತಿರವೇ ನಿಂತಿದ್ದೆ. ತಲೆ ಎತ್ತಿದೆ.

"ಪಶ್ಚಿಮಕ್ಕೆ ಮೇಡಂ, ಹೊಳೆ ದಾಟಿ ಹೋಗ್ಬೇಕು. ನಾವು ಕೊಡಗ್ನೋರು. ನಾನು ಹುಟ್ಟಿದ್ದೂ ಅಲ್ಲೇ."

ಮೇಡಂ ಪೆನ್ನನ್ನು ಕೆಳಗಿಟ್ಟರು. ಶಾನುಭೋಗರ ಕಾಗದವನ್ನು ಮತ್ತೊಮ್ಮೆ ತೆಗೆದು ನೋಡಿದರು. "ನಿಜ ಏನಮ್ಮ?" ಎಂದು ಅಕ್ಕನನ್ನು ಕೇಳಿದರು. ಅಕ್ಕ ಅಲ್ಲ ಎನ್ನಬಹುದಿತ್ತು, ಹುಡುಗಿಗೆ ಬುದ್ಧಿಯಿಲ್ಲ ಎನ್ನಬಹುದಿತ್ತು. ಅವಳು ಮೇಡಂ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತ "ನಿಜ ಮೇಡಂ" ಎಂದಳು. ಆ ತಾಯಿ ಬೈಯಲಿಲ್ಲ. ಎರಡೂ ರಾಜ್ಯ ಒಂದಾಗುತ್ತದೆ ಎಂದು ಪೇಪರಿನಲ್ಲಿ ಬರುತ್ತಿದೆ, ಆಮೇಲೆ ಬಾ ಎಂದರು. ಅರ್ಜಿಯಲ್ಲಿ ವಯಸ್ಸಿನ ಸಾಲು ನೋಡಿ ಸುಮ್ಮನಾದರು. ಕಾಗದಗಳನ್ನು ಮಡಿಸಿ ಅಕ್ಕನ ಕೈಗೆ ಕೊಟ್ಟರು.

ಹೊರಗೆ ಚಿಕ್ಕಪ್ಪ ಕೂಗಾಡಿದ. "ಬಾಯಿಗೊಂದು ಬೀಗ ಹಾಕ್ಕೊಳ್ಳೋಕೆ ಆಗ್ಲಿಲ್ವೇನೆ ನಿಂಗೆ?" ನಾನು ಅತ್ತೆ. ಬಾಯಿತಪ್ಪಿ ಬಂತು, ಅಪ್ಪ ಕಲಿಸಿದ ಮಾತು ತಾನಾಗಿ ಬಂತು ಎಂದೆ. ಎಲ್ಲರೂ ನಂಬಿದರು. ನಂಬದೇ ಏನು? ನಮ್ಮಂಥ ಮನೆಗಳ ಯಾವ ಮಗುವಿನ ಬಾಯಲ್ಲಾದರೂ ಅದೇ ಬರುತ್ತಿತ್ತು. ಅದು ನನಗೂ ಗೊತ್ತಿತ್ತು. ಅದಕ್ಕೇ ಆ ಮಾತನ್ನು ಆರಿಸಿಕೊಂಡೆ. ಹುಣಸೂರಿನಿಂದ ಆ ಕಿಟಕಿಯವರೆಗೆ ನಾನು ಯೋಚನೆ ಮಾಡಿದ್ದು ಅದೊಂದನ್ನೇ. ಬಾಯಿತಪ್ಪು ಎನ್ನುವುದು ಶುದ್ಧ ಸುಳ್ಳು.

ಅಕ್ಕ ಮಾತ್ರ ಬೈಯಲೂ ಇಲ್ಲ, ಅಳಲೂ ಇಲ್ಲ. ಅವತ್ತೇ ಊರಿಗೆ ಹೊರಡೋಣ ಎಂದು ಚಿಕ್ಕಪ್ಪ ಹೇಳಿದಾಗ, "ಊರು ನೋಡೋಕೆ ಅಂತ ಬಂದಿದೀವಲ್ಲ, ನೋಡ್ಕೊಂಡೇ ಹೋಗಾನ" ಎಂದಳು. ಆಮೇಲಿನ ಒಂದೂವರೆ ದಿನ ನನ್ನ ಜೀವನದಲ್ಲೇ ಅತಿ ಉದ್ದನೆಯದು. ಅವಳು ನನ್ನನ್ನು ಎಳೆದುಕೊಂಡು ಮೈಸೂರಿನಲ್ಲಿ ನೋಡುವಂಥದ್ದನ್ನೆಲ್ಲ ನೋಡಿದಳು. ಅರಮನೆಯ ಕೋಟೆಬಾಗಿಲ ಮುಂದೆ ನಿಂತು ಗೋಪುರಗಳನ್ನು ನೋಡಿದೆವು. ಮಾರುಕಟ್ಟೆಯಲ್ಲಿ ಹೂವಿನ ಸಾಲು, ಎಲೆಯ ಸಾಲು, ಕುಂಕುಮದ ಗೋಪುರಗಳು. ಟಿಕೆಟ್ ತೆಗೆದುಕೊಂಡು ಆನೆಯನ್ನೂ ನೋಡಿದೆವು. "ಚೆನ್ನಾಗಿ ನೋಡ್ಕೊ" ಎಂದು ಪ್ರತಿಯೊಂದರ ಮುಂದೆಯೂ ಹೇಳಿದಳು. ಅದೇ ಗಂಜಿ ಸೀರೆ ಬಿಸಿಲಿಗೆ, ಬೆವರಿಗೆ ಮುದುಡಿ ಅವಳ ಮೈಗೆ ಅಂಟಿಕೊಂಡಿತ್ತು. ಬದಲಾಯಿಸು ಎಂದರೆ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಚಾಮುಂಡಿಬೆಟ್ಟ. ಸೀಟು ಸಿಕ್ಕರೆ ಸಾವಿರ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತೇನೆಂದು ಅಕ್ಕ ಹರಕೆ ಹೊತ್ತಿದ್ದಳು. ಅವ್ವ ಎರಡು ಪೊಟ್ಟಣ ಕಟ್ಟಿ ಕೊಟ್ಟಿದ್ದಳು. ಅಕ್ಕ ಅವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೇ ಹತ್ತಿದಳು. ಎಲ್ಲೂ ಬಗ್ಗಲಿಲ್ಲ. ದೊಡ್ಡ ಬಸವಣ್ಣನ ಹತ್ತಿರ ಒಬ್ಬ ಹೆಂಗಸು ಮೆಟ್ಟಿಲಿಗೆ ಹಚ್ಚುತ್ತ ಹತ್ತುತ್ತಿದ್ದಳು. ತಂದ ಕುಂಕುಮ ಅರ್ಧದಲ್ಲೇ ಮುಗಿದುಹೋಗಿತ್ತು. ಅಕ್ಕ ಗಂಟು ಬಿಚ್ಚಿ ಎರಡೂ ಪೊಟ್ಟಣವನ್ನು ಅವಳ ತಟ್ಟೆಗೆ ಸುರಿದಳು. "ನಿಮ್ಗೆ ಬ್ಯಾಡ್ವ ತಾಯಿ?" ಎಂದು ಆ ಹೆಂಗಸು ಕೇಳಿದಳು. "ನನ್ ಕೆಲಸ ಮುಗೀತು" ಎಂದಳು ಅಕ್ಕ. ದೇವಿಯ ಮುಂದೆ ಕೈಮುಗಿದಳೋ ಇಲ್ಲವೋ ನಾನು ನೋಡಲಿಲ್ಲ. ನನಗೆ ತಲೆಯೆತ್ತುವ ಮುಖವಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ವಾಪಸು ಬಂದೆವು. ಅಪ್ಪ ಎಲ್ಲ ಕೇಳಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಸುಳ್ಳು ಕಾಗದಕ್ಕೆ ನಾನ್ ಒಪ್ಪಿದ್ದೇ ತಪ್ಪು. ಆಫೀಸರ್ ಮುಂದೆನೂ ನನ್ನ ಮಗಳು ತಲೆ ಎತ್ತಿ ಹೇಳವ್ಳೆ." ನನ್ನ ಬೆನ್ನು ತಟ್ಟಿದ. ಅಕ್ಕ ಒಳಗೆ ಹೋಗಿ ಒಲೆಗೆ ಸೌದೆ ಹಾಕಿದಳು. ಮಾರನೆಯ ದಿನ ನಾನು ಎದ್ದಾಗ ನನ್ನ ಪುಸ್ತಕಗಳು ಅಟ್ಟದಿಂದ ಇಳಿದು, ಬೇವಿನಸೊಪ್ಪು ಕೊಡವಿ, ಮೊದಲಿದ್ದ ಗೂಡಿನಲ್ಲೇ ಕೂತಿದ್ದವು.

ಅಕ್ಕಪಕ್ಕದ ಹೆಂಗಸರು ಬಂದು ಮೈಸೂರು ಹೇಗಿತ್ತು ಎಂದು ಕೇಳಿದರು. ಊರು ನೋಡಲು ಹೋದವರು ಹೇಳಲೇಬೇಕಲ್ಲ. ಅಕ್ಕ ಜಗುಲಿಯಲ್ಲಿ ಕೂತು ಹೇಳಿದಳು. ಅರಮನೆ, ಆನೆ, ಬೆಟ್ಟ, ಮಾರುಕಟ್ಟೆ ಒಂದನ್ನೂ ಬಿಡದೆ, ಕಣ್ಣಿಗೆ ಕಟ್ಟುವಂತೆ. ಎಷ್ಟು ಚೆನ್ನಾಗಿ ಹೇಳಿದಳೆಂದರೆ ತಿಂಗಳುಗಟ್ಟಲೆ ಬೇರೆ ಬೇರೆಯವರು ಬಂದು ಕೇಳಿಸಿಕೊಂಡು ಹೋದರು. "ಅಕ್ಕತಂಗಿ ಎಷ್ಟ್ ಚೆಂದಾಗಿ ತಿರುಗಾಡ್ಕೊಂಡ್ ಬಂದವ್ರೆ" ಎಂದು ಹೊಟ್ಟೆಕಿಚ್ಚು ಪಟ್ಟರು. ನಾನು ಒಳಗೆ ಬಾಗಿಲ ಹಿಂದೆ ಕೂತು ಓದುತ್ತಿದ್ದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅವ್ವ ತೀರಿಕೊಂಡಳು. ವರ್ಷದೊಳಗೆ ಮನೆಯಲ್ಲಿ ಒಂದು ಶುಭ ಆಗಬೇಕೆಂದು ಅಕ್ಕನಿಗೆ ಮದುವೆ ಮಾಡಿದರು. ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಭಾವ ರೈಟರು. ಆಳುಗಳ ಹಾಜರಿ ಬರೆಯುವ ಕೆಲಸ. ಮೊದಲ ಹೆಂಡತಿ ಸತ್ತಿದ್ದಳು, ತಲೆ ಅರ್ಧ ನರೆತಿತ್ತು. ಕೆಟ್ಟ ಮನುಷ್ಯನಲ್ಲ. ಅಷ್ಟಕ್ಕಿಂತ ಹೆಚ್ಚು ಹೇಳುವಂಥದ್ದೇನೂ ಇರಲಿಲ್ಲ. ಅಕ್ಕನ ಮದುವೆಯಾದ ಕೆಲವೇ ತಿಂಗಳಿಗೆ ಕೊಡಗು ಮೈಸೂರಿಗೆ ಸೇರಿತು. ಸೇತುವೆಯ ಆಚೆಗೂ ಈಚೆಗೂ ಒಂದೇ ಸರ್ಕಾರ.

ಮುಂದಿನ ಬೇಸಿಗೆಯಲ್ಲಿ ನಾನು ಅದೇ ಮೈಸೂರಿನ ಅದೇ ಟ್ರೈನಿಂಗ್ ಶಾಲೆಯ ಅದೇ ಜಗುಲಿಯಲ್ಲಿ ಅರ್ಜಿ ಹಿಡಿದು ಕೂತಿದ್ದೆ. ಆ ಹಳೆಯ ಮೇಡಂ ಇರಲಿಲ್ಲ, ನಿವೃತ್ತಿಯಾಗಿತ್ತು. ಯಾವ ಊರೆಂದು ಯಾರೂ ಕೇಳಲಿಲ್ಲ. ನನಗೂ ಒಂದು ಪಾಠ ಮಾಡಲು ಹೇಳಿದರು. ನಾನು ದಿಕ್ಕುಗಳ ಪಾಠ ಮಾಡಿದೆ. ಕೆನ್ನೆಗೆ ಬಿಸಿಲು ಹಿಡಿಸಿ, ಕೈ ಚಾಚಿಸಿ, ಅಕ್ಕ ಮಾಡಿದ ಹಾಗೆಯೇ, ಒಂದು ಅಕ್ಷರ ಬಿಡದೆ. ಸೀಟು ಸಿಕ್ಕಿತು.

ಹೌದು, ಹಾಗೂ ಮಾಡಿದೆ.

ಟೀಚರಾದ ಮೇಲೆ ರಜೆಯಲ್ಲಿ ಅಕ್ಕನ ಮನೆಗೆ ಹೋಗುತ್ತಿದ್ದೆ. ಗೇಟಿನಲ್ಲಿ ನನ್ನನ್ನು ಕಂಡ ತಕ್ಷಣ ಮಗಳನ್ನು ಕೂಗುತ್ತಿದ್ದಳು. "ಟೀಚರಮ್ಮ ಬಂದ್ರು, ಕುರ್ಚಿ ಹಾಕೇ." ಮನೆಗೆ ಬಂದ ತಂಗಿಗೆ ಕುರ್ಚಿ! ಅವಳು ಚಾಪೆಯ ಮೇಲೆ ಕೂರುವಳು, ನಾನು ಕುರ್ಚಿಯ ಮೇಲೆ. ಬಾಳೆಲೆ ತುಂಬ ಬಡಿಸುತ್ತಿದ್ದಳು, ಹೊರಡುವಾಗ ಕಾಫಿಬೀಜ, ಏಲಕ್ಕಿ, ಜೇನು ಕಟ್ಟಿಕೊಡುತ್ತಿದ್ದಳು. ಯಾವುದಕ್ಕೂ ಕಮ್ಮಿಯಿಲ್ಲ. ನನ್ನ ಹೆಸರು ಹಿಡಿದು ಮಾತ್ರ ಕರೆಯುತ್ತಿರಲಿಲ್ಲ.

ಒಂದು ಸಲ ಹೇಳದೆ ಹೋದೆ. ಮನೆಯ ಜಗುಲಿಯಲ್ಲಿ ಎಸ್ಟೇಟಿನ ಆಳುಗಳ ಲೈನುಮನೆಗಳ ಹತ್ತು ಹನ್ನೆರಡು ಮಕ್ಕಳು ಕೂತಿದ್ದರು. ತಮಿಳಿನವು, ಮಲಯಾಳದವು, ತುಳುವಿನವು, ಯರವರ ಮಕ್ಕಳು. ಅಕ್ಕ ನೆಲದ ಮೇಲೆ ಇದ್ದಿಲಿನಿಂದ ಅಕ್ಷರ ಬರೆದು, ಒಂದೇ ಪದಕ್ಕೆ ನಾಲ್ಕು ಭಾಷೆಯಲ್ಲಿ ಅರ್ಥ ಹೇಳುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ನಾನು ಕಾಫಿ ಗಿಡದ ಮರೆಯಲ್ಲಿ ನಿಂತು ನೋಡಬೇಕಿತ್ತು. ನಾನು ಮುಂದೆ ಬಂದೆ. ಅವಳು ನನ್ನನ್ನು ಕಂಡದ್ದೇ ತಡ, ಅಕ್ಷರಗಳನ್ನು ಕಾಲಿನಿಂದ ಒರೆಸಿ, "ಹೋಗ್ರೋ ಮಕ್ಕಳಾ, ನಾಳೆ ಬನ್ನಿ" ಎಂದು ಎಲ್ಲರನ್ನೂ ಕಳಿಸಿಬಿಟ್ಟಳು. ಮಕ್ಕಳು ಗೊಣಗುತ್ತ ಹೋದವು. "ಯಾಕೆ ನಿಲ್ಲಿಸ್ದೆ, ಮಾಡು" ಎಂದೆ. "ಟೀಚರ್ ಮುಂದೆ ನಾನೇನ್ ಪಾಠ ಮಾಡ್ಲಿ" ಎಂದು ಒಳಗೆ ಹೋದಳು. ಆ ಕಿಟಕಿಯ ಹತ್ತಿರ ನನ್ನನ್ನು ನಿಲ್ಲಿಸಿ ಮಾಡಿದ ಪಾಠವೇ ಕೊನೆ. ಮತ್ತೆಂದೂ ಅವಳು ನನ್ನೆದುರಿಗೆ ಪಾಠ ಮಾಡಲಿಲ್ಲ.

ಅಕ್ಕ ಹಾಸಿಗೆ ಹಿಡಿದಾಗ ಇಬ್ಬರೂ ಮುದುಕಿಯರು. ಭಾವ ಹೋಗಿ ಎಷ್ಟೋ ವರ್ಷವಾಗಿತ್ತು. ಮಗಳ ಮನೆಯಲ್ಲಿದ್ದಳು, ಪೊನ್ನಂಪೇಟೆಯಲ್ಲಿ. ಇನ್ನು ಹೆಚ್ಚು ದಿನವಿಲ್ಲ ಎಂದು ಫೋನು ಬಂತು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡೆ. ಸುಮಾರು ಅರವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಮಗಳು ಅಡಿಗೆಮನೆಗೆ ಹೋದಾಗ, ಮಂಚದ ಪಕ್ಕ ಕೂತು, ಅವಳ ಕೈ ಹಿಡಿದು ಹೇಳಿಬಿಟ್ಟೆ. ಅವತ್ತು ಬಾಯಿ ತಪ್ಪಲಿಲ್ಲ ಅಕ್ಕ, ಬೇಕು ಅಂತಲೇ ಹೇಳಿದೆ.

ಅವಳು ಕಣ್ಣು ಬಿಟ್ಟಳು. ಆಶ್ಚರ್ಯವೇನೂ ಕಾಣಲಿಲ್ಲ.

"ಗೊತ್ತು. ಒಂದು ಮಾತಾಡಿದ್ರೆ ಬಾಯ್ತಪ್ಪು ಅನ್ಬೋದಿತ್ತು. ನೀನು ಮೂರು ಆಡ್ದೆ."

ಹಾಗಾದರೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದೆ.

"ಕೇಳಿದ್ರೆ ನೀನು ಅಳ್ತಿದ್ದೆ. ಸಮಾಧಾನ ನಾನೇ ಮಾಡ್ಬೇಕಾಗಿತ್ತು. ಅದೊಂದು ನಂಗೆ ಬೇಕಿರ್ಲಿಲ್ಲ."

ನಾನು ಅತ್ತೆ. ಜೋರಾಗಿಯೇ ಅತ್ತೆ. ಅವಳು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಗೋಡೆಯ ಕಡೆಗೆ ಹೊರಳಿ ಮಲಗಿದಳು. ಹದಿನೈದು ದಿನಕ್ಕೆ ಹೋದಳು.

ಅದಾಗಿ ಐದು ವರ್ಷವಾಯಿತು. ಈಗ ನಾನು ಮೈಸೂರಿನವಳು. ಸ್ವಂತ ಮನೆಯಿದೆ, ಹೋದಲ್ಲೆಲ್ಲ "ನಮಸ್ಕಾರ ಟೀಚರ್" ಎನ್ನುವ ಹಳೆಯ ವಿದ್ಯಾರ್ಥಿಗಳಿದ್ದಾರೆ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳಿದ್ದಾರೆ. ಅಕ್ಕನಿಗೆ ಸಿಗಬೇಕಾದ್ದೆಲ್ಲ ನನಗೆ ಸಿಕ್ಕಿದೆ. ಇಸ್ತ್ರಿ ಗಾಡಿಯಿಂದ ಬರಿಗೈಯಲ್ಲಿ ಬಂದ ದಿನ ನಾನು ಮಂಕಾಗಿ ಕೂತಿದ್ದನ್ನು ಕಂಡು ಸೊಸೆ ಏನಾಯಿತೆಂದು ಕೇಳಿದಳು. ಮೊದಲ ಸಲ ಇನ್ನೊಬ್ಬರಿಗೆ ಎಲ್ಲವನ್ನೂ ಹೇಳಿದೆ. ಒಳ್ಳೆಯ ಹುಡುಗಿ. ನನ್ನ ಭುಜ ಹಿಡಿದು, "ಆಗ ನೀವಿನ್ನೂ ಚಿಕ್ಕವರು ಅತ್ತೆ, ಬಿಟ್ಟುಬಿಡಿ" ಎಂದಳು. ಆ ಮಾತನ್ನು ಹೇಳುವ ಹಕ್ಕಿದ್ದವಳು ಒಬ್ಬಳೇ ಒಬ್ಬಳು. ಅವಳು ಹೇಳದೆ ಹೋದಳು.